ಅಮ್ಮನ ಮುಷ್ಟಿಯಷ್ಟು ಹೃದಯ

ಆಗೆಲ್ಲ ಮೈಯೊಳಗೆ ಏನಿದೆ ಎಂಬುದು ನಮಗೆ ಹೊಟ್ಟೆನೋವು ಬಂದಾಗ ಮಾತ್ರ ಗೊತ್ತಾಗುತ್ತಿತ್ತು. ಉಳಿದ ದಿನ ಒಳಗಿನದು ಒಳಗೇ ಇರುತ್ತಿತ್ತು, ನಾವು ಹೊರಗೆ ಕುಂಟೆಬಿಲ್ಲೆ ಆಡಿಕೊಂಡಿರುತ್ತಿದ್ದೆವು. ಊರಲ್ಲಿ ಒಬ್ಬಿಬ್ಬರ ಜೇಬಿಗೆ ಮಾತ್ರ ಮೊಬೈಲು ಬಂದಿದ್ದ ಕಾಲ ಅದು. ನಾನು ಮುತ್ತಿನಕೊಪ್ಪದಿಂದ ಬಸ್ಸು ಹತ್ತಿ ಎನ್.ಆರ್. ಪುರದಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಶಾಲೆಗೆ ಹೋಗುತ್ತಿದ್ದೆ. ನಾಲ್ಕನೇ ಕ್ಲಾಸು.

ನಮ್ಮ ಕ್ಲಾಸಿನ ಕರಿಹಲಗೆಯ ಮೇಲೆ ಯೇಸುವಿನ ಪಟವಿತ್ತು. ಎದೆಯ ನಟ್ಟನಡುವೆ, ಅಂಗಿಯಿಂದ ಹೊರಗೇ, ಕೆಂಪು ಹೃದಯ. ಸುತ್ತ ಮುಳ್ಳು, ತುದಿಯಲ್ಲಿ ಬೆಂಕಿ. ಇಷ್ಟಾದರೂ ಆತನ ಮುಖದಲ್ಲಿ ನೋವೇ ಇರಲಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಜೆಸ್ಸಿ ಭಾನುವಾರ ಚರ್ಚಿಗೆ ಹೋಗುವವಳಾದ್ದರಿಂದ ಇಂಥ ವಿಷಯಕ್ಕೆಲ್ಲ ಅವಳೇ ಪಂಡಿತೆ. ಮುಳ್ಳು ಅಂದರೆ ನಾವು ಮಾಡಿದ ಪಾಪ, ಒಂದು ಪಾಪಕ್ಕೆ ಒಂದು ಮುಳ್ಳು ಎಂದು ಅವಳು ಹೇಳಿಕೊಟ್ಟಿದ್ದಳು. ಪಾಠ ಬೇಜಾರಾದಾಗ ನಾನು ಮುಳ್ಳು ಎಣಿಸುತ್ತ, ಇದರಲ್ಲಿ ನನ್ನದು ಯಾವುದಿರಬಹುದು ಎಂದು ಹುಡುಕುತ್ತಿದ್ದೆ.

ಒಂದು ಮಧ್ಯಾಹ್ನ, ಬುತ್ತಿಯ ಉಪ್ಪಿನಕಾಯಿ ವಾಸನೆ ಇನ್ನೂ ಕೈಯಲ್ಲಿದ್ದಾಗ, ವಿಜ್ಞಾನದ ಸಿಸ್ಟರ್ ಅದೇ ಪಟದ ಕೆಳಗೆ ದೇಹದ ಚಾರ್ಟು ತೂಗುಹಾಕಿದರು. ಅದರಲ್ಲಿ ಹೃದಯ ಎಡಕ್ಕಿತ್ತು. ಮುಳ್ಳಿಲ್ಲ, ಬೆಂಕಿಯಿಲ್ಲ, ನೀಲಿ ಕೆಂಪು ಕೊಳವೆಗಳು. ಮೇಲಿನದು ಸರಿಯೋ ಕೆಳಗಿನದು ಸರಿಯೋ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

"ಎಲ್ಲರೂ ಮುಷ್ಟಿ ಹಿಡೀರಿ. ಅವರವರ ಮುಷ್ಟಿ ಎಷ್ಟಿದೆಯೋ ಅವರವರ ಹೃದಯ ಅಷ್ಟೇ" ಎಂದರು ಸಿಸ್ಟರ್.

ಕ್ಲಾಸಿಡೀ ಮುಷ್ಟಿ ಅಳೆಯುವುದೇ ಆಟವಾಯಿತು. ನಾನು ಮಾತ್ರ ತಣ್ಣಗಾದೆ. ನನ್ನ ಅಮ್ಮನಿಗೆ ಬಲಗೈ ಮುಷ್ಟಿ ಹಿಡಿಯಲು ಬರುತ್ತಿರಲಿಲ್ಲ.

ಅಮ್ಮ ಕೂಲಿಗೆ ಅಡಿಕೆ ಸುಲಿಯುತ್ತಿದ್ದಳು. ಮೆಟ್ಟುಗತ್ತಿಯನ್ನು ಕಾಲಲ್ಲಿ ಅದುಮಿ ಕೂತು, ಮೇಲೆದ್ದ ಅಲಗಿಗೆ ಕಾಯಿ ಒತ್ತಿ ಸಿಪ್ಪೆ ಬಿಡಿಸುವ ಕೆಲಸ. ಹಿಂದಿನ ವರ್ಷದ ಸುಗ್ಗಿಯಲ್ಲಿ ನನ್ನ ಮುಂದಿನ ಹಲ್ಲು ಬಿದ್ದಿತ್ತು. ತೋರಿಸಲು ಓಡಿಹೋಗಿ ಹಿಂದಿನಿಂದ ಅವಳ ಸೀರೆ ಎಳೆದೆ. ಅವಳು ತಿರುಗಿದಳು, ಕೈ ಅಲಗಿಗೆ ತಾಗಿತು. ನರ ಕಡಿದು ಎರಡು ಬೆರಳು ಮತ್ತೆ ಮಡಚಲೇ ಇಲ್ಲ. ಹೇಗಾಯಿತೆಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈಗ ಲೆಕ್ಕ ತಾನಾಗಿ ಕೂಡಿಕೊಂಡಿತು. ಮುಷ್ಟಿ ಮುಚ್ಚದಿದ್ದರೆ ಹೃದಯವೂ ಮುಚ್ಚಿರುವುದಿಲ್ಲ, ರಕ್ತ ಒಳಗೇ ಸೋರುತ್ತಿರುತ್ತದೆ, ಅಮ್ಮ ಸಾಯುತ್ತಾಳೆ. ಆ ಮುಳ್ಳು ನನ್ನದು. ಕೊಡ ಹೊತ್ತು ದರೆಯ ಏರು ಹತ್ತುವಾಗ ಅವಳು ಮೊದಲಿಂದಲೂ ಏದುಸಿರು ಬಿಡುತ್ತಿದ್ದಳೇನೋ, ನನಗೆ ಕೇಳಿಸತೊಡಗಿದ್ದು ಆಗ. ಎದೆ ನೋಯುತ್ತದಾ ಎಂದು ದಿನಾ ಕೇಳುತ್ತಿದ್ದೆ. "ಎಂತಕ್ಕೆ ನೋಯ್ಬೇಕು? ಸುಮ್ನೆ ಗಂಜಿ ಉಣ್ಣು" ಎಂದು ಗದರುತ್ತಿದ್ದಳು.

ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆಯಲು ಬಂತು. ನಾನು ಮುಳ್ಳು ಬರೆದೆ, ಕೊಳವೆಗಳನ್ನೂ ಬರೆದೆ. ಮೇಲೆ ನೆಟ್ಟಗೆ ನಿಂತ ಎರಡು ಬೆರಳನ್ನೂ ಬರೆದೆ. ಮರುವಾರ ಅಮ್ಮನಿಗೆ ಶಾಲೆಯಿಂದ ಕರೆ ಬಂತು.

ಫಿನಾಯಿಲ್ ವಾಸನೆಯ ಆಫೀಸು ರೂಮಿನಲ್ಲಿ ಅಮ್ಮ ಅಡಿಕೆ ಚೊಗರಿನಿಂದ ಕಪ್ಪಾದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಚಿತ್ರದಲ್ಲಿ ಈ ಬೆರಳು ಎಲ್ಲಿಂದ ಬಂತು ಎಂದು ಸಿಸ್ಟರ್ ಮೆಲ್ಲಗೆ ಕೇಳಿದ್ದೇ ತಡ, ನನಗೆ ಅಳು ಒತ್ತರಿಸಿತು. ಸೀರೆ ಎಳೆದದ್ದು ನಾನೇ, ಅಮ್ಮನ ಹೃದಯ ಹಾಳಾದದ್ದು ನನ್ನಿಂದಲೇ ಎಂದೆ. ಅಷ್ಟೇ ಹೇಳಲಿಕ್ಕಾದದ್ದು. ಮುಷ್ಟಿ ಬರೀ ಅಂದಾಜಿಗೆ, ಹೃದಯಕ್ಕೂ ಬೆರಳಿಗೂ ಸಂಬಂಧವಿಲ್ಲ ಎಂದು ಸಿಸ್ಟರ್ ವಿವರಿಸುತ್ತಿದ್ದರು. ಅಮ್ಮ ಚಿತ್ರವನ್ನೇ ನೋಡುತ್ತಿದ್ದಳು.

"ನೀ ಸೀರೆ ಎಳೆದದ್ದಾ? ನಂಗೆ ನೆನಪೇ ಇಲ್ಲ ಮಾರಾಯ್ತಿ. ಕೈ ಜಾರಿದ್ದು, ಅಷ್ಟೆ."

ಹಾಗೆಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಒಳಗೆ ಬಡಿಯುತ್ತಿತ್ತು. ಎಡಕ್ಕೋ ನಡುವೆಯೋ, ಅಷ್ಟು ಹತ್ತಿರದಿಂದ ನನಗೆ ತಿಳಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಆ ಹಲ್ಲು ಎಂತ ಮಾಡಿದ್ಯೆ? ಸಗಣಿಲಿಟ್ಟು ಮಾಡಿನ ಮೇಲೆ ಎಸೆದ್ಯಾ?" ಎಸೆದೆ ಎಂದೆ. ಸಮಾಧಾನವಾಗಿ ಅವಳ ತೊಡೆಯ ಮೇಲೆ ನಿದ್ದೆ ಹೋದೆ.

ಈಗ ಅಡಿಕೆಯನ್ನು ಮಷಿನ್ನು ಸುಲಿಯುತ್ತದೆ. ಅಮ್ಮ ಹೋಗಿ ಮೂರು ವರ್ಷವಾಯಿತು. ಮೊನ್ನೆ ನನ್ನ ಮಗಳ ಮೊದಲ ಹಲ್ಲು ಬಿತ್ತು. ನಮ್ಮದು ತಾರಸಿ ಮನೆ, ಹೆಂಚಿನ ಮಾಡಿಲ್ಲ, ಸಗಣಿಯೂ ಇಲ್ಲ. ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ಆ ಬಸ್ಸಿನ ಮಾತು ನೆನಪಾಯಿತು. ಆಫೀಸು ರೂಮಿನಲ್ಲಿ ನಾನು ಹೇಳಿದ್ದು ಸೀರೆಯ ವಿಷಯ ಮಾತ್ರ. ಹಲ್ಲಿನ ಸುದ್ದಿಯನ್ನು ನಾನು ಎತ್ತಿಯೇ ಇರಲಿಲ್ಲ.

ಅಮ್ಮನಿಗೆ ಎಲ್ಲ ನೆನಪಿತ್ತು.