ಡಲ್ ಅಂತ ಯಾರು ಹೇಳಿದ್ರು?

ಜ್ವರ ಬಿಟ್ಟು ವಾರವಾದರೂ, ಜಯನಗರದಲ್ಲಿ ಲಿಫ್ಟ್ ರಿಪೇರಿಗೆ ಹೋದ ಕಡೆಯೆಲ್ಲ ನಾನೇ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆ. ಕೊನೆಗೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ.

"ಏನಾಗ್ತಿದೆ?" ಅಂದರು ಡಾಕ್ಟರಮ್ಮ.

"ವೀಕ್‌ನೆಸ್ಸು ಮೇಡಂ. ಟಯರ್ಡು. ಸ್ವಲ್ಪ ಡಲ್ಲು."

"ವೀಕು, ಟಯರ್ಡು ಎಲ್ಲ ನಿಮಗೇ ಗೊತ್ತಾಗುತ್ತೆ. ಡಲ್ಲಾಗಿದ್ದೀರ ಅಂತ ನೋಡಿದವರು ಹೇಳ್ಬೇಕು. ಯಾರು ಹೇಳಿದ್ರು, ಮನೇಲಾ?"

ಬಿಟಿಎಂನಲ್ಲಿರುವ ನನ್ನ ರೂಮಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಎದುರು ಬಾಗಿಲಿನವರ ಹೆಸರೂ ಗೊತ್ತಿಲ್ಲ.

"ನಾನೇ ಅಂದ್ಕೊಂಡೆ ಮೇಡಂ," ಅಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರು.

ಹೊರಗೆ ಎಳನೀರಿನವನು ಕಾಯಿ ಕೆತ್ತುತ್ತಾ, "ಯಾಕ್ ಸಾರ್, ತುಂಬಾ ಡಲ್ಲಾಗಿದ್ದೀರ?" ಅಂದ.

ವಾಪಸ್ ಹೋಗಿ ಡಾಕ್ಟರಮ್ಮನಿಗೆ ಹೇಳಿಬರೋಣ ಅನ್ನಿಸಿತು. ಆದರೆ ಆಗ ನನ್ನ ಮುಖದಲ್ಲಿದ್ದ ಖುಷಿ ನೋಡಿದ್ದರೆ ಅವರು ನಂಬುತ್ತಿರಲಿಲ್ಲ.