ಮಳವಳ್ಳಿ ಕಡೆಗೆ ಹೋದ ಏಳನೆಯ ಕಾರು

೧೯೭೬ರಲ್ಲಿ ನಾನು ಮಂಡ್ಯದ ಒಂದು ಕಾರು ವರ್ಕ್‌ಶಾಪಿನಲ್ಲಿ ಸರ್ವಿಸ್ ಸೂಪರ್‌ವೈಸರ್ ಆಗಿದ್ದೆ. ಮದುವೆಯಾಗಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಹಿಂದೆ ಬಾಡಿಗೆಗೆ ಒಂದು ಕೋಣೆ, ಊಟಕ್ಕೆ ಹೋಟೆಲು. ಯಾರ ಜೊತೆಯೂ ಒಂದು ಮಾತಾಡದೆ ಕಳೆದ ಭಾನುವಾರಗಳು ಆಗ ಎಷ್ಟೋ.

ಆ ವರ್ಷ ಕಾರು ತಯಾರಿಸುವ ಕಂಪನಿಯಿಂದ ಒಂದು ಸರ್ಕ್ಯುಲರ್ ಬಂತು. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರವನ್ನು ಎಳೆಯುವ ಸರಳಿಗೆ ಟೈ ರಾಡ್ ಎನ್ನುತ್ತೇವೆ. ಅದರ ತುದಿಯಲ್ಲೊಂದು ಗುಂಡನೆಯ ಕೀಲಿರುತ್ತದೆ. ಕೆಲವು ಕಾರುಗಳಲ್ಲಿ ಆ ಕೀಲು ಬೇಗ ಸವೆದು ಕಳಚಿಕೊಳ್ಳುವ ಸಂಭವವಿದೆ, ಕರೆಸಿ ಉಚಿತವಾಗಿ ಬದಲಿಸಿ ಎಂದಿತ್ತು. ಈಗಿನವರು ಇದನ್ನು ರೀಕಾಲ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಬರೀ ಸರ್ಕ್ಯುಲರ್. ಓಡುವ ಕಾರಿನಲ್ಲಿ ಆ ಕೀಲು ಕಳಚಿದರೆ ಚಕ್ರ ಒಂದು ಕಡೆ, ಡ್ರೈವರ್ ಹಿಡಿದ ಸ್ಟೀರಿಂಗ್ ಇನ್ನೊಂದು ಕಡೆ.

ನಮ್ಮ ರಿಜಿಸ್ಟರಿನಲ್ಲಿ ಅಂಥವು ಏಳು ಕಾರುಗಳಿದ್ದವು. ಏಳೂ ಜನಕ್ಕೆ ರಿಜಿಸ್ಟರ್ಡ್ ಪತ್ರ ಹಾಕಿದೆ. ಆರು ಬಂದವು. ಏಳನೆಯದು ಮದ್ದೂರಿನ ಒಬ್ಬ ವ್ಯಾಪಾರಿಯದು. ಪತ್ರ ತಲುಪಿದ್ದಕ್ಕೆ ಸಹಿಯಾದ ಕಾರ್ಡು ವಾಪಸ್ಸು ಬಂದಿತ್ತು. ಅದನ್ನು ಫೈಲಿಗೆ ಸೇರಿಸಿ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಆರು ತಿಂಗಳ ಮೇಲೆ ಫೈಲು ಮುಚ್ಚಲು ಕೂತಾಗ ಯಾಕೋ ಮನಸ್ಸು ಒಪ್ಪದೆ ಬಸ್ಸು ಹತ್ತಿದೆ.

ವ್ಯಾಪಾರಿ ಗಲ್ಲಾದ ಹಿಂದಿನಿಂದಲೇ ಹೇಳಿದರು, "ಆ ಕಾರು ಮಾರಿಬಿಟ್ಟೆ. ಮಳವಳ್ಳಿ ಕಡೆಯ ಚನ್ನೇಗೌಡರು ಅಂತ."

ಮಾರಿದ್ದು ಯಾವಾಗ ಎಂದು ಕೇಳಿದೆ. ನನ್ನ ಪತ್ರಕ್ಕೆ ಸಹಿ ಹಾಕಿದ ಮೂರು ವಾರಕ್ಕೆ. ಪತ್ರ ಓದಿದ್ದಿರಾ ಎಂದು ಕೇಳಿದ್ದಕ್ಕೆ ಅವರು ಕಾಫಿ ತರಿಸುತ್ತೇನೆ ಅಂದರು. ನಾನು ಕುಡಿಯಲಿಲ್ಲ.

ಮಳವಳ್ಳಿಯಿಂದ ನಾಲ್ಕು ಮೈಲಿಯ ಹಳ್ಳಿ. ಚನ್ನೇಗೌಡರಿಗೆ ಐವತ್ತರ ಆಸುಪಾಸು, ಕಬ್ಬು ಬೆಳೆಯುವ ಅನುಕೂಲಸ್ಥರು. ಮನೆಯ ಮುಂದೆ ಕಾರು ನಿಂತಿತ್ತು, ಅದರ ಪಕ್ಕದಲ್ಲೇ ಅವರೂ ಕಲ್ಲಿನ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿ, ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ ಕೈಯಲ್ಲಿ ಅಲುಗಾಡಿಸಿದೆ. ಕಟಕಟ ಎಂದಿತು. ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ.

"ನಮ್ಮನೆಯೋಳು ಕೂತಿದ್ದಾಗ್ಲೂ ಇಂಗೇ ಇತ್ತಾ ಸಾ?"

ಹೆಂಡತಿಗೆ ಕ್ಯಾನ್ಸರ್. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ಬೆಂಗಳೂರಿಗೆ ಕರೆದುಕೊಂಡು ಹೋಗಿಬರಬೇಕು, ಬಸ್ಸಿನಲ್ಲಿ ಆಕೆಗೆ ಕೂರಲು ಆಗುವುದಿಲ್ಲ ಎಂದೇ ಆ ಕಾರು ಕೊಂಡಿದ್ದರು. ಮೂರು ತಿಂಗಳು ಓಡಾಡಿಸಿದರು. ಆಕೆ ತೀರಿಕೊಂಡು ಎರಡು ತಿಂಗಳಾಗಿತ್ತು. ಮಕ್ಕಳಿರಲಿಲ್ಲ.

ಇದ್ದಿರಬೇಕು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಎಷ್ಟು ವೇಗದಲ್ಲಿ ಓಡಿಸುತ್ತಿದ್ದಿರಿ ಎಂದು ಕೇಳಿದೆ.

"ಅಳ್ಳ ಬಂದ್ರೆ ಅವ್ಳಿಗೆ ನೋವಾಯ್ತಿತ್ತು. ಎತ್ತಿನ ಗಾಡಿ ಓದಂಗೆ ಓಯ್ತಿದ್ದೆ."

"ಅದಕ್ಕೇ ಕೀಲು ಕಳಚದೆ ನಿಂತಿದೆ ಗೌಡರೇ. ಹಳ್ಳದ ಮೇಲೆ ಜೋರಾಗಿ ಹೋಗಿದ್ದರೆ ನಿಲ್ಲುತ್ತಿರಲಿಲ್ಲ. ಈಗ ಹೇಗೆ ಓಡಿಸುತ್ತೀರಿ?"

"ಈಗ ಯಾರ್ಗ್ ನೋವಾಯ್ತದೆ ಸಾ. ಜೋರಾಗೇ ಓಯ್ತೀನಿ."

ಎಲ್ಲಿಗೆ ಎಂದು ಕೇಳಿದೆ. ಎಲ್ಲಿಗೂ ಇಲ್ಲವಂತೆ. ಮನೆಯಲ್ಲಿ ಕೂರಲಾಗದಾಗ ಹತ್ತಿ ಮದ್ದೂರಿನವರೆಗೆ ಹೋಗಿ ತಿರುಗಿಸಿಕೊಂಡು ಬರುತ್ತಿದ್ದರಂತೆ. ಮಾತಾಡುತ್ತಲೇ ಅವರ ಕೈಯಿಂದ ಕೀಲಿಕೈ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಅವರ ಮುಂದಿದ್ದ ದಾರಿಗಳನ್ನು ವಿವರಿಸಿದೆ. ಮಾರಿದವರು ದೋಷ ಗೊತ್ತಿದ್ದೂ ಮುಚ್ಚಿಟ್ಟಿದ್ದಾರೆ, ಸಹಿಯಾದ ಕಾರ್ಡು ನನ್ನಲ್ಲಿದೆ, ವಕೀಲರಿಂದ ನೋಟಿಸ್ ಕೊಡಿಸಿ ಕಾರು ಹಿಂತಿರುಗಿಸಲು ನೋಡಬಹುದು. ಇಲ್ಲವಾದರೆ ಕಾರು ಇಟ್ಟುಕೊಂಡು ಕೀಲು ಬದಲಿಸಿಕೊಳ್ಳಬಹುದು. ಸರ್ಕ್ಯುಲರ್ ಇರುವುದು ಕಾರಿಗೆ, ಯಾರ ಕೈಗೆ ಹೋದರೂ ರಿಪೇರಿ ಉಚಿತ. ಆದರೆ ಆರ್.ಸಿ. ಪುಸ್ತಕ ಇನ್ನೂ ವ್ಯಾಪಾರಿಯ ಹೆಸರಿನಲ್ಲಿದ್ದುದರಿಂದ ಕಂಪನಿಯ ಫಾರಂಗೆ ಅವರದೇ ಸಹಿ ಬೇಕಿತ್ತು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಬಂದು ನಿಂತಿದ್ದ ಗೌಡರ ಚಿಕ್ಕಪ್ಪನ ಮಗ ಮೂರನೆಯ ದಾರಿ ಸೂಚಿಸಿದ. "ಯಾರ್ಗಾರ ಮಾರ್ಬುಡು ಕಣಣ್ಣ. ಕಾಗ್ದ ನಿನ್ನೆಸ್ರಿಗೆ ಬಂದಿಲ್ಲ. ಗೊತ್ತಿಲ್ಲ ಅಂದ್ರಾಯ್ತು."

"ಸುಮ್ಕಿರ್ಲಾ," ಅಂದರು ಗೌಡರು. "ನಂಗೆ ಮಾಡಿದ್ನ ನಾನು ಇನ್ನೊಬ್ನಿಗೆ ಮಾಡ್ಲಾ?"

ಮೂರು ದಿನ ಬಿಟ್ಟು ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು, ಹೊಸ ಕೀಲುಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಸಹಿಗೆ ಕಾಯುತ್ತ ಕೂರಲು ಧೈರ್ಯವಿರಲಿಲ್ಲ. ಮನೆ ಮುಂದೆಯೇ ಕೆಲಸ ನಡೆಯಿತು. ಎಡಗಡೆಯ ಹಳೆಯ ಕೀಲನ್ನು ಮೆಕ್ಯಾನಿಕ್ ಬೆರಳಲ್ಲಿ ಎಳೆದರೆ ಕಳಚಿ ಬಂತು. ಗೌಡರು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಅದೇ ಕಾರಿನಲ್ಲಿ ಸಹಿ ಹಾಕಿಸಲು ಮದ್ದೂರಿಗೆ ಹೋದೆವು. ವ್ಯಾಪಾರಿ ನಮ್ಮನ್ನು ಕಂಡು ಎದ್ದು ನಿಂತರು. ಗೌಡರು ದನಿ ಎತ್ತಲಿಲ್ಲ.

"ಒಂದು ಮಾತು ಏಳ್ಬೋದಾಗಿತ್ತು ಯಜಮಾನ್ರೇ. ಕಾಯಿಲೆಯೋಳ್ನ ಕೂರಿಸ್ಕಂಡು ಓಯ್ತೀನಿ ಅಂತ ನಿಮಗೆ ಏಳಿಯೇ ತಕಂಡಿದ್ದೆ."

ವ್ಯಾಪಾರಿ ಫಾರಂಗೂ ವರ್ಗಾವಣೆಯ ಕಾಗದಕ್ಕೂ ಸಹಿ ಹಾಕಿದರು. ಆಮೇಲೆ ತಲೆ ತಗ್ಗಿಸಿಕೊಂಡೇ, ಕೊಟ್ಟ ಹಣವನ್ನೆಲ್ಲ ಹಿಂದಕ್ಕೆ ಕೊಡುತ್ತೇನೆ, ಕಾರು ಬಿಟ್ಟು ಹೋಗಿ ಅಂದರು. ಒಪ್ಪಿಕೊಳ್ಳಿ ಎಂದು ನಾನೂ ಹೇಳಿದೆ.

ಗೌಡರು ರಸ್ತೆಯಲ್ಲಿ ನಿಂತ ಕಾರಿನ ಕಡೆ ನೋಡಿದರು. "ಬ್ಯಾಡ ಬುಡಿ. ಮನೆ ಮುಂದೆ ಇದೂ ಇಲ್ದಂಗಾಯ್ತದೆ."

ಆಮೇಲೆ ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದೆ. ಪತ್ರ ತಲುಪಿತು ಎಂಬ ಕಾರ್ಡನ್ನು ನಂಬಿ ಯಾವ ಫೈಲನ್ನೂ ಮುಚ್ಚಲಿಲ್ಲ. ಎಚ್ಚರಿಕೆ ಹೋಗುವುದು ಕಾಗದದಲ್ಲಿ ಹೆಸರಿರುವವರಿಗೆ; ಅಪಾಯದಲ್ಲಿರುವುದು ಸ್ಟೀರಿಂಗ್ ಹಿಡಿದವರು. ಅವರಿಬ್ಬರೂ ಒಬ್ಬರೇನಾ ಎಂದು ಹೋಗಿ ನೋಡುವವರೆಗೆ ಕೆಲಸ ಮುಗಿಯುವುದಿಲ್ಲ. ಇದು ನನಗೆ ಆ ಕಾರು ಕಲಿಸಿದ ಪಾಠ.

ಚನ್ನೇಗೌಡರು ಸರ್ವಿಸಿಗೆ ಮಂಡ್ಯಕ್ಕೇ ಬರತೊಡಗಿದರು. ಬೆಂಚಿನ ಮೇಲೆ ಕೂತು ಮಳೆ, ಬೆಳೆ ಮಾತಾಡುತ್ತಿದ್ದರು. ಮಧ್ಯಾಹ್ನ ನಾವಿಬ್ಬರೂ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದೆವು. ಹೊರಡುವಾಗ, "ಮುಂದ್ಲ ಸರ್ವಿಸ್‌ಗೆ ಯಾವಾಗ ಬರ್ಲಿ ಸಾ?" ಎಂದು ಕೇಳುತ್ತಿದ್ದರು.

ಕಂಪನಿಯ ಪುಸ್ತಕದಂತೆ ಮೂರು ತಿಂಗಳು. ನಾನು, "ಮುಂದಿನ ವಾರ ಒಂದು ಸಲ ತೋರಿಸಿಬಿಡಿ," ಎನ್ನುತ್ತಿದ್ದೆ.