ಅಪ್ಪನ ಹಡಗಿಗೆ ಅಂಟಿದ ಉಪ್ಪು

ದೆವ್ವ, ಪವಾಡ ಅಂದರೆ ನಾನು ಮೂಗು ಮುರಿಯುವವನು. ಈಗಲೂ ಹೆಚ್ಚುಕಡಿಮೆ ಹಾಗೇ. ಆದರೆ ವರ್ಷಗಳ ಹಿಂದೆ ತಾಯಲೂರಿನ ಕೆರೆಯಲ್ಲಿ ಆದದ್ದನ್ನು ನೆನೆದರೆ ನನ್ನ ಜಾಣತನವೆಲ್ಲ ಬಾಯಿ ಮುಚ್ಚಿಕೊಳ್ಳುತ್ತದೆ.

ಅಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದವರು. ಸಮುದ್ರವನ್ನೇ ನೋಡಿದವರಲ್ಲ. ಹಳೇ ಪುಸ್ತಕವೊಂದರಲ್ಲಿ ಹದಿನೆಂಟನೇ ಶತಮಾನದ ಫ್ರೆಂಚ್ ಯುದ್ಧದ ಹಡಗೊಂದರ ಚಿತ್ರ ಕಂಡು ಮರುಳಾದರು. ಫ್ರಾನ್ಸಿನಲ್ಲಿ ಹುಟ್ಟಿ, ಆಫ್ರಿಕಾ ಬಳಸಿ ಬಂದು, ತಮಿಳುನಾಡಿನ ಕಡಲೂರಿನ ಎದುರು ಇಂಗ್ಲಿಷರ ಮೇಲೆ ಗುಂಡು ಹಾರಿಸಿದ ಹಡಗದು. ಮುಂದೆ ಇಂಗ್ಲಿಷರೇ ಅದನ್ನು ಹಿಡಿದು, ಬೇರೆ ಹೆಸರಿಟ್ಟು ದುಡಿಸಿ, ಮುದಿಯಾದ ಮೇಲೆ ಒಡೆದುಹಾಕಿದರಂತೆ. "ಹೆಸರೂ ಉಳಿಸ್ಲಿಲ್ಲ ನೋಡೋ ಪಾಪಿಗಳು" ಎಂದು ಅಪ್ಪ ಮನೆಯ ಎತ್ತು ಕಳೆದುಕೊಂಡವರಂತೆ ಕೊರಗುತ್ತಿದ್ದರು.

ಕೆಲಸ ಬಿಟ್ಟ ಮೇಲೆ ಅದರ ಮಾದರಿ ಮಾಡಿದರು. ಮುರಿದ ಗಾಡಿಯ ಮರ, ಹಾಯಿಗೆ ತಮ್ಮದೇ ಹಳೇ ಪಂಚೆ. ಕಡಲೂರಿಗೆ ಒಯ್ದು ತೇಲಿಬಿಡಬೇಕೆಂಬ ಆಸೆ. ಅಷ್ಟರಲ್ಲಿ ಎದೆನೋವು ಬಂತು. ದೂರದ ಪ್ರಯಾಣ ಬೇಡವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅಪ್ಪ ಮಂಕಾಗಿ ಕೂತರು. ನನಗೆ ನೋಡಲಾಗಲಿಲ್ಲ. ಅಮ್ಮನ ತವರು ತಾಯಲೂರಿನ ಕೆರೆ ಆ ವರ್ಷ ತುಂಬಿತ್ತು. ಅಲ್ಲಿಗೇ ಕರೆದೊಯ್ದೆ.

ಹೊಸ ಗಾಡಿಗೆ ಮಾಡುವಂತೆ ಅಮ್ಮ ಹಡಗಿಗೂ ಕುಂಕುಮವಿಟ್ಟರು. ಚಕ್ರವೇ ಇಲ್ಲದ್ದರಿಂದ ನಿಂಬೆಹಣ್ಣನ್ನು ಎಲ್ಲಿಡುವುದೆಂದು ತಿಳಿಯದೆ ಅದರ ಹೊಟ್ಟೆಯಡಿ ತುರುಕಿದರು. ಹಿಡಿ ಉಪ್ಪಿನಿಂದ ದೃಷ್ಟಿ ತೆಗೆದು ಆ ಉಪ್ಪನ್ನು ಕೆರೆಗೆ ಎಸೆದರು. ಅಪ್ಪ ಹಡಗನ್ನು ನೀರಿಗೆ ಬಿಟ್ಟರು. ಬೆಳಗಿನ ಹೊತ್ತು, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಆದರೂ ಹಾಯಿ ಉಬ್ಬಿತು. ಹಡಗು ಕೆರೆಯ ನಡುವಿನವರೆಗೆ ಹೋಗಿ, ತಿರುಗಿ, ನೆಟ್ಟಗೆ ಅಪ್ಪನ ಕಾಲ ಬಳಿ ಬಂದು ನಿಂತಿತು.

ಮಧ್ಯಾಹ್ನ ನೋಡಿದರೆ, ಒಣಗಿದ ಹಾಯಿಯ ತುದಿಯವರೆಗೂ ಬೆಳ್ಳಗೆ ಉಪ್ಪು! ಬೆರಳಲ್ಲಿ ಒರೆಸಿ ನಾಲಿಗೆಗಿಟ್ಟೆ. ಉಪ್ಪಿನ ಹಿಂದೆಯೇ ಸಣ್ಣ ಕಹಿ. ಅಪ್ಪನೂ ರುಚಿ ನೋಡಿದರು. ಅವರ ಕಣ್ಣು ತುಂಬಿತು.

"ಚಾಲು ರಾ, ಇಷ್ಟು ಸಾಕು. ನಾ ಹೋಗ್ದಿದ್ರೂ ಕಡಲೇ ಬಂತಲ್ಲೋ" ಎಂದರು, ಎಂದಿನಂತೆ ತೆಲುಗು ಬೆರೆಸಿ.

"ನಿಮ್ಮಮ್ಮ ಎಸೆದ ಉಪ್ಪೇ ಕಣಯ್ಯಾ" ಎಂದು ಗೆಳೆಯರು ನಗುತ್ತಾರೆ. ಹಿಡಿ ಉಪ್ಪಿಗೆ ಅಷ್ಟು ದೊಡ್ಡ ಕೆರೆ ಉಪ್ಪಾದೀತೆ? ಅದೇ ನೀರನ್ನು ಮಾವನ ಎಮ್ಮೆಗಳು ಅಂದು ಸಂಜೆ ಎಂದಿನಂತೆ ಹೊಟ್ಟೆತುಂಬ ಕುಡಿದವು. ಮತ್ತೆ ಹೇಗಾಯಿತು ಅಂತ ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ.

ಮರುವರ್ಷ ಅಪ್ಪ ಹೋದರು. ಅಸ್ಥಿ ಬಿಡಲು ಕಡಲೂರಿಗೇ ಹೋದೆ. ನಾನೂ ಸಮುದ್ರ ನೋಡಿದ್ದು ಅದೇ ಮೊದಲು. ಅಲೆಯೊಂದು ಮುಖಕ್ಕೆ ಸಿಡಿಯಿತು. ತುಟಿ ಸವರಿಕೊಂಡೆ. ಆ ರುಚಿ ನನಗೆ ಹೊಸದಾಗಿರಲಿಲ್ಲ.